ಗೇಟಿನಲ್ಲೇ ಉಳಿದ ಮೊಬೈಲ್

ಮರಾಠಿ ಸೀಮೆಯ ರಾಂಜಣಗಾಂವದ ವಿದ್ಯುತ್ ಸಬ್‌ಸ್ಟೇಷನ್ನಿನ ಕಂಪ್ಯೂಟರ್ ಕೈಕೊಟ್ಟು ಹತ್ತಾರು ಕಾರ್ಖಾನೆಗಳು ಕರೆಂಟಿಲ್ಲದೆ ನಿಂತಿದ್ದವು. ರಿಪೇರಿಗೆ ಹೋದ ನನ್ನನ್ನು ಗೇಟಿನ ಕಾವಲುಗಾರ, ನಮ್ಮ ಕಲಬುರಗಿ ಕಡೆಯವನೇ, ತಡೆದ.

"ಮೊಬೈಲ್ ಇಲ್ಲೇ ಇಡ್ರಿ ಸರ, ಸರಕಾರದ ಹೊಸ ಭದ್ರತಾ ನಿಯಮ ಅದ."

ಇಟ್ಟೆ. ಒಳಗೆ ಕಂಪ್ಯೂಟರ್ ಒಟಿಪಿ ಕೇಳಿತು. ಅದೂ ಭದ್ರತೆಗೇ ಅಂತೆ. ಒಟಿಪಿ ಬರುವುದು ಗೇಟಿನಲ್ಲಿ ಬಿಟ್ಟ ಮೊಬೈಲಿಗೆ. ಓಡಿಹೋಗಿ ನೋಡಿಕೊಂಡು ಬರುವಷ್ಟರಲ್ಲಿ ಅದರ ಅವಧಿ ಮುಗಿಯುತ್ತಿತ್ತು. ಮೂರು ಸಲ ಓಡಿದ ಮೇಲೆ ಕಾವಲುಗಾರನಿಗೇ ಕನಿಕರ ಬಂತು.

"ನೀವು ಒಳಗ ಕೂಡ್ರಿ, ನಾ ಹೇಳ್ತೀನ್ರಿ" ಎಂದವನೇ ಗೇಟಿನ ಮೈಕ್ ಹಿಡಿದು, ತಪ್ಪಾಗಬಾರದೆಂದು ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಒಟಿಪಿ ಸಾರಿದ.

ಕರೆಂಟ್ ಬಂತು. ಹೊರಬಂದಾಗ ಎದುರಿನ ಚಹಾ ಅಂಗಡಿಯವನು, "ಒಟಿಪಿ ನಂಬರ್ ಬರೋಬರ್ ಇತ್ತಾ ಸಾಹೇಬ್?" ಅಂತ ಮರಾಠಿಯಲ್ಲಿ ವಿಚಾರಿಸಿದ. ರಿಜಿಸ್ಟರಿನಲ್ಲಿ ಕಾವಲುಗಾರ ದುಂಡಗೆ ಬರೆದಿದ್ದ: ಮೊಬೈಲ್ ಒಳಗೆ ಬಿಟ್ಟಿಲ್ಲ, ಭದ್ರತೆಗೆ ಧಕ್ಕೆಯಿಲ್ಲ.