ಹಲ್ಲಿನ ಒಳಗೆ ಇಳಿದ ಬಿಳುಪು

ಸ್ನೇಹಿತರೇ, ಆನ್‌ಲೈನಿನಲ್ಲಿ ತರಿಸಿದ ಹಲ್ಲು ಬಿಳಿ ಮಾಡುವ ಜೆಲ್ ಅನ್ನು ಒಂದು ವಾರದಿಂದ ಹಚ್ಚುತ್ತಿದ್ದೆ ಎಂಬುದನ್ನು ಇವತ್ತು ಹಲ್ಲಿನ ಡಾಕ್ಟರಿಗೆ ಹೇಳದೆಯೇ ಬರುವವಳಿದ್ದೆ. ಅರ್ಧ ಗಂಟೆ ಇಡಬೇಕಾದದ್ದನ್ನು ಎರಡು ಗಂಟೆ ಇಟ್ಟಿದ್ದೆ. ಪಾವಗಡದ ಫ್ಲೋರೈಡ್ ನೀರು ಕುಡಿದು ಬೆಳೆದವರ ಹಲ್ಲಿನ ಕಂದು ಕಲೆ ನಿಮಗೆ ಗೊತ್ತೇ ಇದೆ. ಅದು ಮೇಲಿನ ಕೊಳೆ, ಜೆಲ್ ಮೇಲಿಂದಲೇ ತೊಳೆಯುತ್ತದೆ ಎಂದುಕೊಂಡಿದ್ದೆ. ಜೆಲ್ ಸಾಲದೆಂದು ಇವತ್ತು ಡಾಕ್ಟರ ಕೈಯಲ್ಲೇ ಬಿಳಿ ಮಾಡಿಸಲು ಹೋಗಿದ್ದೆ.

ಕ್ಲಿನಿಕ್ಕಿನ ಬೆಂಚಿನಲ್ಲಿ ನನ್ನ ಪಕ್ಕ ನಿಡುಗಲ್ ಕಡೆಯ ಅಜ್ಜಿಯೊಬ್ಬರು ಕೂತಿದ್ದರು. ನಾನು ತಣ್ಣೀರು ಕುಡಿದು, ಹಲ್ಲು ಜುಮ್ಮೆಂದು ಮುಖ ಕಿವುಚಿದ್ದನ್ನು ನೋಡಿ, "ಏನು ಹಚ್ಕೊಂಡಿದ್ದೀಯಮ್ಮ?" ಎಂದರು. ಪಿಸುಗುಟ್ಟಿ ಹೇಳಿದೆ.

"ಡಾಕ್ಟ್ರಿಗೆ ಹೇಳ್ಬುಡು. ನೀನು ಹೇಳ್ದಿದ್ರೆ ನಾನೇ ಒಳಕ್ಕೆ ಬಂದು ಹೇಳ್ತೀನಿ ಕಣಮ್ಮ!"

ಅಜ್ಜಿಗೆ ಹೆದರಿ ಹೇಳಿದೆ. ಬಿಳಿ ಮಾಡುವ ಇನ್ನೂ ಕಡಕ್ ಔಷಧ ಹಚ್ಚಲು ಹೊರಟಿದ್ದ ಡಾಕ್ಟರ್ ಅದನ್ನು ಕೆಳಗಿಟ್ಟರು. "ಇದು ಸುಣ್ಣ ಬಳಿದ ಹಾಗಲ್ಲ ಮೇಡಂ. ಹಲ್ಲಿನ ಮೇಲ್ಪದರದ ಕಣ್ಣಿಗೆ ಕಾಣದ ಸಂದುಗಳಿಂದ ಒಳಗಿಳಿದು, ಬಣ್ಣವನ್ನು ಅಲ್ಲೇ ತಿಳಿ ಮಾಡುತ್ತೆ. ಅತಿಯಾದ್ರೆ ನರ ಇರೋ ಜಾಗಕ್ಕೂ ಹೋಗುತ್ತೆ. ಇವತ್ತು ಮತ್ತೆ ಹಚ್ಚಿದ್ರೆ ನರಕ್ಕೇ ಪೆಟ್ಟು ಬೀಳ್ತಿತ್ತೋ ಏನೋ. ಸ್ವಲ್ಪ ದಿನ ಸುಮ್ನಿರಿ."

ಹೊರಗೆ ಬಂದು ಅಜ್ಜಿಗೆ ಕೈಮುಗಿದು, ಡಾಕ್ಟರ್ ಹೇಳಿದ್ದನ್ನು ತಿಳಿಸಿದೆ. ಅವರು ಬಾಯಿಗೆ ಸೆರಗು ಅಡ್ಡ ಹಿಡಿಯದೆ, ನನ್ನ ಹಲ್ಲಿನಷ್ಟೇ ಕಂದಾದ ಹಲ್ಲು ತೋರಿಸಿ ನಕ್ಕರು. "ನಮ್ಮ ನೀರೂ ಒಳಕ್ಕೋಗೇ ಬಣ್ಣ ಕೊಟ್ಟಿದ್ದು ಕಣಮ್ಮ. ಅಷ್ಟೊಂದು ಓದಿದ್ದೀಯ, ಇಷ್ಟು ತಿಳೀಲಿಲ್ವಾ?"

ತಿಳಿದಿರಲಿಲ್ಲ ಅಜ್ಜಿ. ನಾಳೆಗೆ ಬಿಟ್ಟರೆ ಇದನ್ನು ಬರೆಯಲು ನನ್ನ ಜಂಬ ಒಪ್ಪುವುದಿಲ್ಲ. ಹಾಗಾಗಿ ಇವತ್ತೇ ಇಲ್ಲಿ ಹಾಕುತ್ತಿದ್ದೇನೆ.