ತೂಬಾ ಖಾನಮ್ ನೋಡದ ಸೂರ್ಯಾಸ್ತ

ನಮ್ಮ ಓಣಿಗೆ ಬರುವ ಪ್ರವಾಸಿಗಳು ಮೊದಲು ಮಾಡುವ ಕೆಲಸ ತೂಬಾ ಖಾನಮ್ ಅವರ ಮನೆ ಬಾಗಿಲು ಬಡಿಯುವುದು. ಉಳಿದುಕೊಳ್ಳಲು ಬಂದವರೂ ಬಡಿಯುತ್ತಾರೆ, ಫೋಟೋ ತೆಗೆಯಲು ಬಂದವರೂ ಬಡಿಯುತ್ತಾರೆ. ಎರಡು ಕದದ ಹಳೆಯ ಮರದ ಬಾಗಿಲು ಅದು. ಬಲಗಡೆಯ ಕದಕ್ಕೆ ದಪ್ಪ ಕಬ್ಬಿಣದ ಬಡಿಗೆ, ಎಡಗಡೆಯದಕ್ಕೆ ತೆಳ್ಳನೆಯ ಬಳೆ. ಬಂದವರು ಗಂಡಸರಾದರೆ ಬಡಿಗೆ, ಒಳಗಿನಿಂದ ಗಂಡಸು ಬಂದು ತೆಗೆಯಬೇಕು. ಹೆಂಗಸರಾದರೆ ಬಳೆ, ತೆಗೆಯುವವಳು ಹೆಂಗಸು. ನಮ್ಮ ಮರುಭೂಮಿಯ ಊರು ಯಜ್ದ್‌ನ ಹಳೆಯ ಮನೆಗಳ ಕ್ರಮ ಇದು. ಆದರೆ ಈ ಮನೆಯಲ್ಲಿ ಹನ್ನೊಂದು ವರ್ಷದಿಂದ ಯಾವ ಸದ್ದಾದರೂ ಕೈ ಒರೆಸಿಕೊಳ್ಳುತ್ತ ಬಂದು ತೆಗೆಯುವವರು ತೂಬಾ ಖಾನಮ್ ಒಬ್ಬರೇ.

ಅವರ ಗಂಡ ಹಾಜಿ ಯದುಲ್ಲಾ ಬಟ್ಟೆ ಗಿರಣಿಯಿಂದ ನಿವೃತ್ತರಾದ ವರ್ಷ ಮನೆಯನ್ನು ಅತಿಥಿಗೃಹ ಮಾಡಿದರು. ಮಾಡಿದರು ಎಂದರೆ ಹೊರಗೆ ಹಲಗೆ ಬರೆಸಿ ತೂಗುಹಾಕಿದರು. ಆರು ಕೋಣೆಗಳ ಹಾಸಿಗೆ, ಬೆಳಗಿನ ತಿಂಡಿ, ರಾತ್ರಿಯ ಊಟ, ಅಂಗಳದ ಕೊಳದ ಪಾಚಿ, ಮಾಳಿಗೆಯ ಮೇಲೆ ಒಣಗಬೇಕಾದ ದಿನಕ್ಕೆ ಹನ್ನೆರಡು ಹೊದಿಕೆ, ಇವೆಲ್ಲ ತಾವಾಗಿಯೇ ಆಗುತ್ತಿದ್ದವು, ಮಾಳಿಗೆಯ ಮೇಲಿನ ಗಾಳಿ ಹಿಡಿಯುವ ಗೋಪುರದಿಂದ ಮನೆಯೊಳಗೆ ತಂಪು ಇಳಿದು ಬಂದ ಹಾಗೆ. ಹಾಜಿ ಅಂಗಳದ ಮಂಚದ ಮೇಲೆ ಕೂತು ಅತಿಥಿಗಳಿಗೆ ಊರಿನ ಚರಿತ್ರೆ ಹೇಳುತ್ತಿದ್ದರು. ಚೆನ್ನಾಗಿಯೇ ಹೇಳುತ್ತಿದ್ದರು. ಕೆಟ್ಟ ಮನುಷ್ಯ ಅಲ್ಲ. ಕೂತ ಮನುಷ್ಯ, ಅಷ್ಟೆ.

ಚರಿತ್ರೆ ಕೇಳಿ ಮುಗಿದ ಮೇಲೆ, ನಿಜವಾಗಿ ಏನು ನೋಡಬೇಕು ಎಂದು ಕೇಳಲು ಅತಿಥಿಗಳು ಬರುತ್ತಿದ್ದದ್ದು ಅಡುಗೆಮನೆಗೆ. ತೂಬಾ ಖಾನಮ್ ಸೊಪ್ಪು ಹೆಚ್ಚುತ್ತಲೇ ಹೇಳುತ್ತಿದ್ದರು. "ದೊಡ್ಡ ಮಸೀದಿಗೆ ಬೆಳಿಗ್ಗೆ ಎಂಟಕ್ಕೇ ಹೋಗಿ, ಬಿಸಿಲು ನೀಲಿ ಹಂಚಿನ ಮೇಲೆ ಬೀಳೋ ಹೊತ್ತಿಗೆ. ನೆಲದಡಿಯ ಹಳೇ ಕಾಲುವೆ ನೋಡೋಕೆ ಹೋದ್ರೆ ಕೊನೇ ಮೆಟ್ಟಿಲ ತನಕ ಇಳೀರಿ, ಅರ್ಧಕ್ಕೇ ವಾಪಸ್ ಬರಬೇಡಿ. ಸಂಜೆ ಶವಗೋಪುರದ ಗುಡ್ಡ ಹತ್ತಿ. ಮೇಲೆ ಎಡಗಡೆ ಗೋಡೆಗೆ ಒರಗಿ ಕೂತ್ಕೊಂಡ್ರೆ ಸೂರ್ಯ ಸೀದಾ ಶೀರ್‌ಕೂಹ್ ಬೆಟ್ಟದ ಹಿಂದೆ ಇಳೀತಾನೆ. ಮರಳೆಲ್ಲ ದಾಳಿಂಬೆ ಸಿಪ್ಪೆ ಬಣ್ಣ ಆಗುತ್ತೆ."

ಪಕ್ಕದ ಮನೆಯವಳಾದ ನಾನೂ ಆ ಮಾತನ್ನು ಎಷ್ಟು ಸಲ ಕೇಳಿದ್ದೆನೋ. ಅದರಲ್ಲಿ ಏನೋ ಕೊರತೆಯಿದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಕೊರತೆ ಹಿಡಿದವಳು ಗೀತಿ ಖಾನಮ್. ಸದಾ ಮಳೆ ಸುರಿಯುವ ರಶ್ತ್ ಊರಿನ ನಿವೃತ್ತ ಶಿಕ್ಷಕಿ. ಬೇಸಗೆಯ ಆರಂಭದಲ್ಲಿ ಒಬ್ಬಳೇ ಬಂದಿದ್ದಳು. ಒಂದು ಸಂಜೆ ಗುಡ್ಡದಿಂದ ಇಳಿದು ಬಂದವಳೇ ಅಡುಗೆಮನೆಯ ಹೊಸ್ತಿಲ ಮೇಲೆ ಕುಕ್ಕರಿಸಿದಳು.

"ಖಾನಮ್, ನಿಮ್ಮ ಸೂರ್ಯ ಕೈಕೊಟ್ಟ. ನೀವು ಹೇಳಿದ ಎಡಗಡೆಗೇ ಕೂತೆ. ಬೆಟ್ಟ ಇತ್ತು, ಸೂರ್ಯ ಇರಲಿಲ್ಲ. ಎದ್ದು ನೋಡಿದ್ರೆ ಗೋಡೆ ಆ ಕಡೆ ಬಲಕ್ಕೆ ಮುಳುಗೇ ಹೋಗಿದ್ದ."

"ಹಾಗಾಗಲ್ವಲ್ಲ. ಜನವರಿಯಲ್ಲಿ ಬಂದಿದ್ದ ಡಾಕ್ಟರ್ ದಂಪತಿ ಎಡಕ್ಕೇ ಅಂದ್ರು."

"ಚಳಿಗಾಲದ ಸೂರ್ಯನೇ ಬೇರೆ, ಬೇಸಗೆ ಸೂರ್ಯನೇ ಬೇರೆ ಜಾಗದಲ್ಲಿ ಮುಳುಗೋದು, ಇದನ್ನ ಐದನೇ ಕ್ಲಾಸಲ್ಲಿ ಪಾಠ ಮಾಡಿದ್ದೀನಿ. ಅವರಿರಲಿ. ನೀವು ನೋಡಿದಾಗ ಯಾವ ಕಡೆ ಇತ್ತು?"

ತೂಬಾ ಖಾನಮ್ ಸೌಟು ತಿರುವುತ್ತಿದ್ದರು. ಒಲೆಯ ಮೇಲೆ ಶೂಲಿ ಇತ್ತು. ಬೇಳೆ, ಬೀಟ್‌ರೂಟ್ ಸೊಪ್ಪು, ಮೆಂತ್ಯ, ಹಿಟ್ಟು ಹಾಕಿ ಮಾಡುವ ನಮ್ಮೂರ ಚಳಿಗಾಲದ ಗಂಜಿ. ಹಿಟ್ಟು ಹಾಕಿದ ಮೇಲೆ ಮುಕ್ಕಾಲು ಗಂಟೆ ಕೈ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಗಂಟು. ಯಜ್ದ್‌ಗೆ ಬಂದವರು ತಿನ್ನಲೇಬೇಕು ಎಂದು ಹಾಜಿ ಹಲಗೆಯ ಮೇಲೆ ಬರೆಸಿದ್ದರಿಂದ ಬೇಸಗೆಯಲ್ಲೂ ಎಲ್ಲರಿಗೂ ಅದೇ ಬೇಕು. ಮುಕ್ಕಾಲು ಗಂಟೆ, ದಿನವೂ, ಸೂರ್ಯ ಮುಳುಗುವ ಹೊತ್ತಿಗೇ.

"ನಾನೆಲ್ಲಿ ನೋಡಿದ್ದೀನಿ" ಎಂದರು ತೂಬಾ ಖಾನಮ್. ಅಂದ ಮೇಲೆ ತಮ್ಮ ಮಾತು ತಮಗೇ ಕೇಳಿಸಿದವರಂತೆ ಸೌಟು ನಿಲ್ಲಿಸಿದರು. "ನೋಡೇ ಇಲ್ಲ."

ಆ ರಾತ್ರಿಯ ಶೂಲಿಯಲ್ಲಿ ಎರಡು ಗಂಟು ಇದ್ದವು.

ಮರುದಿನ ಮಧ್ಯಾಹ್ನ ನಾನು ಸೊಪ್ಪು ಬಿಡಿಸಲು ಹೋಗಿದ್ದೆ. ತೂಬಾ ಖಾನಮ್ ಅಂಗಳಕ್ಕೆ ಬಂದು ಗಂಡನ ಎದುರು ನಿಂತರು.

"ಹಾಜಿ, ಇವತ್ತು ಸಂಜೆ ನಾನು ಗುಡ್ಡಕ್ಕೆ ಹೋಗ್ತೀನಿ."

"ಇವತ್ತಾ? ಶೂಲಿ ಯಾರು ತಿರುವ್ತಾರೆ? ಶುಕ್ರವಾರ ಮಧ್ಯಾಹ್ನ ಹೋಗು, ನಾನೇ ಕರ್ಕೊಂಡು ಹೋಗ್ತೀನಿ."

"ಮಧ್ಯಾಹ್ನ ಸೂರ್ಯಾಸ್ತ ಮಾಡಿಸ್ತೀರಾ?"

"ಗುಡ್ಡ ಎಲ್ಲಿಗೂ ಓಡಿ ಹೋಗಲ್ಲ ತೂಬಾ."

"ಗುಡ್ಡ ಹೋಗಲ್ಲ. ಮಂಡಿ ಹೋಗ್ತಾ ಇದೆ. ಮುಂದಿನ ವರ್ಷ ಹತ್ತಕ್ಕಾಗುತ್ತೋ ಇಲ್ವೋ."

ಮಂಚದ ಇನ್ನೊಂದು ತುದಿಯಲ್ಲಿ ಕಲ್ಲಂಗಡಿ ತಿನ್ನುತ್ತಿದ್ದ ಗೀತಿ ಬಾಯಿ ಹಾಕಿದಳು. "ದಿನಾ ಊಟ ಆದ್ಮೇಲೆ ಎಲ್ಲರೂ ಉಪಚಾರಕ್ಕೆ 'ಕೈ ನೋಯದಿರಲಿ ಖಾನಮ್' ಅಂತಾರೆ. ಹಾಜಿಯವರೂ ಅಂತಾರೆ. ಬಾಯಲ್ಲಿ ಅಂದ್ರೆ ಕೈನೋವು ಹೋಗುತ್ತಾ?"

ಹಾಜಿ ಚಹಾದ ಲೋಟ ಕೆಳಗಿಟ್ಟರು. "ನನಗೆ ತಿರುವಕ್ಕೆ ಬರಲ್ಲ."

"ನಾನೂ ಅಮ್ಮನ ಹೊಟ್ಟೇಲೇ ಕಲ್ತು ಬಂದಿರಲಿಲ್ಲ" ಎಂದರು ತೂಬಾ ಖಾನಮ್.

ಸಂಜೆ ನಾನು ನನ್ನ ಹಳೆಯ ಕಾರನ್ನು ಓಣಿಯ ಬಾಯಿಗೆ ತಂದು ನಿಲ್ಲಿಸಿ ಅವರನ್ನು ಕರೆಯಲು ಹೋದೆ. ತೂಬಾ ಖಾನಮ್ ಚಾದರ ಹೊದ್ದು ತಯಾರಾಗಿದ್ದರು, ಆದರೆ ಕಾಲು ಅಡುಗೆಮನೆ ಬಿಡುತ್ತಿರಲಿಲ್ಲ. ಸೌಟು ಹಿಡಿದು ನಿಂತ ಹಾಜಿಗೆ ಹೇಳುತ್ತಲೇ ಇದ್ದರು: ಹಿಟ್ಟು ಇಲ್ಲಿದೆ, ವಿನೆಗರ್ ಕೊನೆಗೆ, ಉರಿ ಸಣ್ಣ, ತಳಕ್ಕೆ ತಾಗುವ ಹಾಗೆ ತಿರುವಬೇಕು. ಅಷ್ಟರಲ್ಲಿ ಹೊರಗೆ ಬಳೆ ಕಿಣಿಕಿಣಿ ಎಂದಿತು. ಹೊಸ ಅತಿಥಿಗಳು.

"ತೂಬಾ, ಹೆಂಗಸರ ಬಳೆ!" ಹಾಜಿ ಒಲೆಯ ಮುಂದಿನಿಂದಲೇ ಕೂಗಿದರು.

ಗೋಡೆಯ ಗಡಿಯಾರ ನೋಡಿದೆ. ಅತಿಥಿಗಳಿಗೆ ಕೋಣೆ ತೋರಿಸಿ, ಚಹಾ ಕೊಟ್ಟು, ಹೊದಿಕೆ ಹಾಸಿ ಹೊರಡುವುದಾದರೆ ಸೂರ್ಯ ನಮಗಾಗಿ ಕಾಯುವವನಲ್ಲ. ತೂಬಾ ಖಾನಮ್ ಅವರ ಕೈ ಆಗಲೇ ಚಾದರದ ಗಂಟು ಬಿಚ್ಚುತ್ತಿತ್ತು.

"ನಾನೂ ಹೆಂಗಸೇ" ಎಂದು ಗೀತಿ ಎದ್ದಳು. "ನಾನು ತೆಗೀತೀನಿ. ನೀವು ನಡೀರಿ."

"ನೀವು ಬರಲ್ವಾ? ನಿನ್ನೆ ನಿಮಗೂ ತಪ್ಪಿತಲ್ಲ?"

"ನಾಳೆ ನೋಡ್ತೀನಿ. ಹಾಜಿಯವರು ಶೂಲಿ ತಿರುವೋದು ನಾಳೆ ಸಿಗುತ್ತೋ ಇಲ್ವೋ. ಈ ಊರಲ್ಲಿ ಇದಕ್ಕಿಂತ ನೋಡಬೇಕಾದ್ದು ಇನ್ನೇನಿದೆ?"

ಗುಡ್ಡದ ಮೇಲೆ ಸಡಿಲ ಕಲ್ಲು. ತೂಬಾ ಖಾನಮ್ ನನ್ನ ಭುಜ ಹಿಡಿದು, ಮೂರು ಕಡೆ ನಿಂತು, ಮೊಣಕಾಲಿಗೆ ಬೈಯುತ್ತ ಹತ್ತಿದರು. ಜರತುಷ್ಟ್ರ ಧರ್ಮದವರು ಹಿಂದೆ ಸತ್ತವರನ್ನು ಆಕಾಶಕ್ಕೆ ಒಪ್ಪಿಸುತ್ತಿದ್ದ ದುಂಡು ಗೋಡೆಯ ಬಲಗಡೆಗೆ ಹೋಗಿ ಕೂತೆವು. ಸೂರ್ಯ ಇನ್ನೂ ಒಂದು ಗೇಣು ಮೇಲಿದ್ದ.

ಅವರ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಆ ಎರಡು ಕೈಗಳು ಏನೂ ಮಾಡದೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಸೂರ್ಯ ಬೆಟ್ಟವನ್ನು ಮುಟ್ಟದೆ, ಬರೀ ಬಯಲಿನ ಅಂಚಿಗೆ ಇಳಿದು, ಚಪ್ಪಟೆಯಾಗಿ, ಹೋದ.

"ದಾಳಿಂಬೆ ಸಿಪ್ಪೆ ಅಲ್ಲ" ಎಂದರು ಕೊನೆಗೆ. "ಬೇಯಿಸಿದ ಬೀಟ್‌ರೂಟ್. ಇಷ್ಟು ವರ್ಷ ಸುಳ್ಳು ಹೇಳಿದೆ ನೋಡು ಜನಕ್ಕೆ." ಹೇಳಿ ಜೋರಾಗಿ ನಕ್ಕರು.

ಓಣಿಗೆ ಮರಳಿದಾಗ ಬಾಗಿಲು ಮುಚ್ಚಿತ್ತು. ತೂಬಾ ಖಾನಮ್ ಬಳೆಗೆ ಕೈ ಚಾಚಿದವರು ತಡೆದುಕೊಂಡರು. ಬಲಗಡೆಗೆ ಸರಿದು ಬಡಿಗೆಯನ್ನು ಎತ್ತಿ ಮೂರು ಸಲ ಬಡಿದರು. ಧಡ್ ಧಡ್ ಧಡ್.

ಒಳಗೆ ಯಾರೋ ನಕ್ಕರು. ಹೆಜ್ಜೆ ಸದ್ದು ಬಂತು. ಕದ ತೆರೆದಾಗ ಹಾಜಿ ಯದುಲ್ಲಾ ನಿಂತಿದ್ದರು. ಗಡ್ಡಕ್ಕೆ ಹಿಟ್ಟು, ಕೈಯಲ್ಲಿ ಸೌಟು.

"ಗಂಟಾಗಿದೆ" ಎಂದರು. "ಗೀತಿ ಖಾನಮ್ ಗಂಟುಗಳನ್ನೇ ಹುಡುಕಿ ಹುಡುಕಿ ತಿಂತಾ ಇದಾರೆ."

"ನಿಮ್ಮ ಕೈ ನೋಯದಿರಲಿ ಹಾಜಿ."

"ನೋಯ್ತಾ ಇದೆ ಮಾರಾಯ್ತಿ." ಅವರು ಭುಜ ನೀವಿಕೊಂಡರು. ಆಮೇಲೆ ಹೆಂಡತಿಯ ಮುಖ ನೋಡಿ ಕೇಳಿದರು, "ಎಡಕ್ಕಾ, ಬಲಕ್ಕಾ?"

"ಬೇಸಗೇಲಿ ಬಲಕ್ಕೆ. ಹಲಗೆ ಮೇಲೆ ಬರೆಸಿ." ತೂಬಾ ಖಾನಮ್ ಚಪ್ಪಲಿ ಬಿಟ್ಟು, ಅಡುಗೆಮನೆಗಲ್ಲ, ಅಂಗಳದ ಮಂಚಕ್ಕೆ ಹೋಗಿ ಕಾಲು ಚಾಚಿ ಕೂತರು. "ಚಳಿಗಾಲದ್ದು ಆಗ ಹೋಗಿ ನೋಡಿ ಹೇಳ್ತೀನಿ."