ಚುಕ್ಕಾಣಿಯವರ ಫೋಟೋಕ್ಕೆ ದೀಪ

ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ. ಸುತ್ತಲಿನ ಊರುಗಳಲ್ಲಿ ಯಾರು ಹುಟ್ಟಿದರು, ಯಾರು ಗೆದ್ದರು, ಯಾರು ಹೋದರು ಎಂಬುದೆಲ್ಲ ನನ್ನ ಕಂಪ್ಯೂಟರ್ ದಾಟಿಯೇ ಬೀದಿಗೆ ಬರುತ್ತದೆ. ಈ ಕೆಲಸ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಚಿಕೆ ಇನ್ನೊಂದರ ಬಗ್ಗೆ. ನಲವತ್ತು ದಾಟಿದ, ನನಗಿಂತ ಎತ್ತರ ಬೆಳೆದ ಮಕ್ಕಳಿರುವ ಹೆಂಗಸು ನಾನು, ಫೋನಿನಲ್ಲಿ ಕಡಲ್ಗಳ್ಳರ ಹಡಗೊಂದನ್ನು ನಡೆಸುತ್ತೇನೆ.

ಹುಡುಗರು ಬೆರಳಿನಿಂದ ಗುಂಡು ಹಾರಿಸುವ ಆಟವಲ್ಲ ಇದು. ಬರೆಯುವ ಆಟ. ಒಂದು ವಾಟ್ಸಾಪ್ ಗುಂಪು, ಅದರಲ್ಲಿ ಒಬ್ಬೊಬ್ಬರಿಗೂ ಹಡಗಿನ ಮೇಲೆ ಒಂದೊಂದು ಪಾತ್ರ. ತನ್ನ ಪಾತ್ರ ಏನು ಮಾಡಿತು, ಏನು ಅಂದಿತು ಎಂದು ಅವರವರು ಬರೆಯಬೇಕು. ಅದರಿಂದ ಮುಂದೇನಾಯಿತು ಎಂದು ನಾನು ಬರೆಯುತ್ತೇನೆ. ಬಿರುಗಾಳಿ ನನ್ನದು, ವೈರಿ ಹಡಗು ನನ್ನದು, ನಿಧಿ ಇರುವ ದ್ವೀಪವೂ ನನ್ನದೇ. ಅವಸರವಿಲ್ಲ. ಒಂದು ದಿನ ಎರಡು ಸಾಲು ಬಂದರೆ ಹಬ್ಬ, ಮೂರು ದಿನ ಏನೂ ಬರದಿದ್ದರೂ ಹಡಗು ಮುಳುಗುವುದಿಲ್ಲ.

ನಾವೆಲ್ಲ ಫೇಸ್‌ಬುಕ್‌ನ ಓದುಗರ ಗುಂಪೊಂದರಲ್ಲಿ ಪರಿಚಯವಾದವರು. ಒಬ್ಬರ ಮುಖ ಒಬ್ಬರು ನೇರ ನೋಡಿದ್ದಿಲ್ಲ. ಕೂಡ್ಲಿಗಿಯ ಶಾಲೆಯೊಂದರ ಗುಮಾಸ್ತ ನಮ್ಮ ಅಡುಗೆಯವ. ಕೊಟ್ಟೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುವಾಕೆ ಹಡಗಿನ ವೈದ್ಯೆ. ಹರಪನಹಳ್ಳಿ ಕಡೆಯ ಅರಸೀಕೆರೆಯ ಬಟ್ಟೆ ವ್ಯಾಪಾರಿ ಫಿರಂಗಿಯವ. ಚುಕ್ಕಾಣಿ ಹಿಡಿದವರು ಹಡಗಲಿಯ ಕಚೇರಿಯೊಂದರಲ್ಲಿ ನೌಕರರು, ದಿನಾ ಮಾಗಳದಿಂದ ಓಡಾಡುವವರು. ಹೊಳೆ ದಂಡೆಯ ಊರಿನವರು ಎಂಬ ಒಂದೇ ಕಾರಣಕ್ಕೆ ಚುಕ್ಕಾಣಿ ಅವರ ಕೈಗೆ ಬಂದಿತ್ತು. ನಮ್ಮಲ್ಲಿ ಒಬ್ಬರೂ ಸಮುದ್ರದ ಮೇಲೆ ಹೋದವರಲ್ಲ.

ನಮ್ಮಷ್ಟು ಸಭ್ಯ ಕಡಲ್ಗಳ್ಳರು ಎಲ್ಲಿಯೂ ಇರಲಿಕ್ಕಿಲ್ಲ. ವ್ಯಾಪಾರಿ ಹಡಗೊಂದನ್ನು ಹಿಡಿದ ದಿನ ನಮ್ಮ ಅಡುಗೆಯವ ಕತ್ತಿ ಹಿಡಿದುಕೊಂಡು ಆ ಹಡಗಿಗೆ ಜಿಗಿದು, ‘ಊಟ ಆತೇನ್ರಿ?’ ಎಂದು ಕೇಳಿದ. ಫಿರಂಗಿಯವ ಎಲ್ಲರ ಒಪ್ಪಿಗೆ ಸಿಗುವವರೆಗೆ ಬತ್ತಿಗೆ ಬೆಂಕಿ ಮುಟ್ಟಿಸುವುದಿಲ್ಲ. ಸೋಮವಾರ ರಕ್ತ ಹರಿಸುವಂತಿಲ್ಲ ಎಂದು ವೈದ್ಯೆಯ ಕಟ್ಟಪ್ಪಣೆ. ಯಾವ ಕೆಲಸಕ್ಕೂ ‘ನೀವು ಮೊದಲು ಹೇಳ್ರಿ’, ‘ಇಲ್ರಿ, ನೀವ ಹೇಳ್ರಿ’ ಎಂದು ವಾರ ಕಳೆಯುತ್ತಿತ್ತು. ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಮಾತಾಡಿಸಿ, ಹೊಗಳಿ, ರೇಗಿಸಿ, ಆ ಹಡಗನ್ನು ಮುಂದೆ ತಳ್ಳುವುದು ನನ್ನ ಪಾಡು. ಫೋನ್ ಸದ್ದಾದಾಗಲೆಲ್ಲ ಯಾರದು ಎಂದು ಗಂಡ ಕೇಳಿದರೆ ಆರ್ಡರು ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ದಿನವಿಡೀ ಬೇರೆಯವರ ಶುಭ ಅಶುಭ ಅಚ್ಚು ಹಾಕುವ ನನಗೆ ನನ್ನದೆಂದು ಇದ್ದದ್ದು ಅದೊಂದೇ. ಅದು ನಿಂತುಹೋದರೆ ಎಂಬ ಹೆದರಿಕೆ ನನಗೆ ಯಾವಾಗಲೂ ಇತ್ತು.

ಕಳೆದ ಬೇಸಿಗೆಯಲ್ಲಿ ಅದು ನಿಂತೇ ಹೋಯಿತು. ಚುಕ್ಕಾಣಿಯವರು ದಿಕ್ಕು ಹೇಳದೆ ಹಡಗು ಅಲುಗುವಂತಿಲ್ಲ, ನಾನೇ ಮಾಡಿದ ನಿಯಮ. ಅವರು ಬರೆಯುವುದು ಎರಡೇ ಸಾಲು, ಆದರೆ ನಮ್ಮೆಲ್ಲರ ಬರಹ ಒಂದು ತೂಕ, ಅವರ ಎರಡು ಸಾಲು ಒಂದು ತೂಕ. ಆ ಎರಡು ಸಾಲು ಬರುವುದು ನಿಂತಿತು. ಮೊದಲು ಕಾದೆವು. ಆಮೇಲೆ ಗುಂಪಿನಲ್ಲಿ ತಮಾಷೆ ಮಾಡಿದೆವು. ಆಮೇಲೆ ನಾನು ಅವರಿಗೇ ಬೇರೆ ಸಂದೇಶ ಕಳಿಸಿದೆ. ಅದರ ಪಕ್ಕ ಒಂದೇ ಟಿಕ್ ಗುರುತು ಬಿದ್ದಿತ್ತು, ಅಂದರೆ ಆಚೆ ಕಡೆ ಫೋನೇ ಬಂದ್. ಅದನ್ನು ಕಣ್ಣಾರೆ ನೋಡಿದ್ದೆ. ನಂಬರ್ ಬದಲಿಸಿರಬೇಕು, ಹೇಳುವ ಸೌಜನ್ಯವೂ ಇಲ್ಲ ಎಂದು ಸಿಟ್ಟಾದೆನೇ ಹೊರತು, ಮನುಷ್ಯನಿಗೆ ಏನಾಗಿದೆಯೋ ಎಂದು ಕೇಳಬೇಕೆನ್ನಿಸಲಿಲ್ಲ. ಅರಸೀಕೆರೆಯ ಫಿರಂಗಿಯವ ಬೆಳಗಿನ ಶುಭೋದಯದ ಹೂವು ಕಳಿಸತೊಡಗಿದ. ಗುಂಪೊಂದು ಸಾಯುವುದು ಹೀಗೆಯೇ ಎಂದು ನನಗೆ ಗೊತ್ತು.

ಅಂಗಡಿಯಲ್ಲಿ ಕೆಲಸ ಕಡಿಮೆಯಿದ್ದ ಒಂದು ಬೆಳಿಗ್ಗೆ ಉಪಾಯ ಹೊಳೆಯಿತು. ಬಿರುಗಾಳಿ ಎಬ್ಬಿಸಿ ಚುಕ್ಕಾಣಿಯವನನ್ನು ಸಮುದ್ರಕ್ಕೆ ಎಸೆಯುವುದು. ಅವರು ಎಲ್ಲೇ ಇದ್ದರೂ ‘ಏ, ನಾನು ಸತ್ತಿಲ್ಲ’ ಎಂದು ಓಡಿಬರಲಿ. ಬರೀ ಬರೆದರೆ ಏನು ಮಜಾ ಎಂದು ಕಾರ್ಡನ್ನೇ ಮಾಡಿದೆ. ಅವರ ವಾಟ್ಸಾಪ್ ಫೋಟೋ ತೆಗೆದುಕೊಂಡು, ತಲೆಯ ಸುತ್ತ ಕತ್ತರಿಸಿ, ಎರಡು ಬದಿಗೆ ದೀಪ, ಕೆಳಗೆ ಮಲ್ಲಿಗೆ ಹಾರ. ಮೇಲೆ ಭಾವಪೂರ್ಣ ಶ್ರದ್ಧಾಂಜಲಿ. ಕೆಳಗೆ, ‘ನಮ್ಮೆಲ್ಲರ ಚುಕ್ಕಾಣಿ ಹಿಡಿದಿದ್ದವರು ಬಿರುಗಾಳಿಗೆ ಸಿಕ್ಕಿ ನೀರುಪಾಲಾದರು. ಮತ್ತೆ ಹುಟ್ಟಿ ಬನ್ನಿ.’ ಚಹಾ ಆರುವ ಮೊದಲೇ ಕಾರ್ಡು ಗುಂಪಿಗೆ ಹೋಗಿತ್ತು.

ಎಲ್ಲರೂ ನಕ್ಕರು. ಎಷ್ಟೋ ದಿನಗಳ ಮೇಲೆ ಹಡಗಿಗೆ ಜೀವ ಬಂತು. ಕೂಡ್ಲಿಗಿಯ ಅಡುಗೆಯವನಿಗೆ ಅದೆಷ್ಟು ಹಿಡಿಸಿತೆಂದರೆ ಅದನ್ನು ತನ್ನ ಸ್ಟೇಟಸ್‌ಗೆ ಹಾಕಿಕೊಂಡ.

ನಮ್ಮ ಕಡೆ ಇಂಥ ಕಾರ್ಡಿನ ಅಕ್ಷರವನ್ನು ಯಾರೂ ಓದುವುದಿಲ್ಲ. ಮುಖ ನೋಡುತ್ತಾರೆ, ದೀಪ ನೋಡುತ್ತಾರೆ, ಅಯ್ಯೋ ಎಂದು ತಮ್ಮ ಸ್ಟೇಟಸ್‌ಗೆ ಏರಿಸುತ್ತಾರೆ. ತಡ ಮಾಡಿದರೆ ಸತ್ತವರ ಮೇಲೆ ಪ್ರೀತಿ ಇರಲಿಲ್ಲ ಎಂದಾಗುತ್ತದೆ. ಈ ಪದ್ಧತಿಯಿಂದಲೇ ಅರ್ಧ ಹೊಟ್ಟೆ ಹೊರೆಯುವ ನಾನು ಅದನ್ನು ಮರೆತೆ. ಅಡುಗೆಯವನ ಸಹೋದ್ಯೋಗಿಯೊಬ್ಬನಿಗೆ ಆ ಮುಖದ ಪರಿಚಯವಿತ್ತು. ಅವನಿಂದ ಅವನ ಬೀಗರಿಗೆ, ಅಲ್ಲಿಂದ ಹಡಗಲಿಗೆ, ಮಧ್ಯಾಹ್ನದ ಊಟದ ಹೊತ್ತಿಗೆ ಕಾರ್ಡು ಮಾಗಳ ಮುಟ್ಟಿತು. ಜನ ಹಾರ ಹಿಡಿದುಕೊಂಡು ಅವರ ಮನೆಗೆ ನಡೆದರು.

ಅಡುಗೆಯವ ಫೋನ್ ಮಾಡಿದಾಗ ಅವನ ದನಿ ಅವನದಾಗಿರಲಿಲ್ಲ. ಚುಕ್ಕಾಣಿಯವರಿಗೆ ಎದೆ ನೋವು ಬಂದು ತಮ್ಮನ ಜೊತೆ ದಾವಣಗೆರೆಯ ಆಸ್ಪತ್ರೆ ಸೇರಿದ್ದರಂತೆ. ಅವರ ಫೋನ್ ಮನೆಯ ಬೀರುವಿನಲ್ಲಿ ಬಂದ್ ಆಗಿ ಕೂತಿತ್ತು. ತಾಯಿಗೆ ತಡೆದುಕೊಳ್ಳಲಾಗದೆಂದು ಟ್ರೇನಿಂಗಿಗೆ ಹೋಗಿದ್ದಾರೆ ಎಂದು ಹೇಳಿದ್ದರು. ನಿಜ ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೆ. ಆದ್ದರಿಂದಲೇ ಹಾರ ಹಿಡಿದವರು ಬಾಗಿಲಿಗೆ ಬಂದಾಗ ಆಕೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆಸ್ಪತ್ರೆಯವರು ತನಗಿಂತ ಮೊದಲು ಊರಿಗೆ ತಿಳಿಸಿದ್ದಾರೆ ಎಂದುಕೊಂಡು ಹೊಸ್ತಿಲ ಮೇಲೆ ಕುಸಿದಳು. ಮೈದುನನ ಫೋನ್ ಎಷ್ಟು ಸಲ ಮಾಡಿದರೂ ಹತ್ತಲಿಲ್ಲ. ಅದು ಹತ್ತುವವರೆಗೆ, ಒಂದು ತಾಸು ಎನ್ನುತ್ತಾರೆ, ಆ ಮನೆಯಲ್ಲಿ ಆ ಮನುಷ್ಯ ಸತ್ತಿದ್ದರು. ಕೊನೆಗೆ ಮೈದುನ ಫೋನ್ ಎತ್ತಿ, ಅಣ್ಣ ಈಗಷ್ಟೇ ಇಡ್ಲಿ ತಿಂದು ಮಲಗಿದ್ದಾನೆ ಎಂದನಂತೆ.

ನಾನು ಅಂದೇ ಹೋಗಲೇಬೇಕಿತ್ತು. ಹೋಗಲು ಗಂಡನ ಬೈಕು ಬೇಕಿತ್ತು, ಬೈಕಿಗೆ ಕಾರಣ ಹೇಳಬೇಕಿತ್ತು. ಮುಖ ನೋಡಿ ಹೇಳಲಾಗದೆ, ಹಿಂದೆ ಕೂತು ಅವನ ಬೆನ್ನಿಗೆ ಎಲ್ಲವನ್ನೂ ಹೇಳಿದೆ. ದಾರಿಯ ಇಟ್ಟಿಗಿ ಊರಿನಲ್ಲಿ ನೀರು ಕುಡಿಯಲು ನಿಲ್ಲಿಸಿದಾಗ ಅವನು ಒಂದೇ ಮಾತು ಕೇಳಿದ.

‘ಅದ್ರಾಗ ನೀ ಏನಾಗಿದ್ದಿ?’

‘ಗಾಳಿ,’ ಅಂದೆ. ‘ಗಾಳಿ, ಮಳಿ, ಸಮುದ್ರ. ಎಲ್ಲಾ ನಾನ.’

ಅವನು ನಗುತ್ತಾನೆ ಎಂದುಕೊಂಡೆ. ನಕ್ಕಿದ್ದರೆ ಚೆನ್ನಾಗಿತ್ತು. ಬಾಟಲಿ ಮುಚ್ಚಿ ಗಾಡಿ ಚಾಲೂ ಮಾಡಿದ.

ಮಾಗಳದ ಆ ಮನೆಯ ಕಟ್ಟೆಯ ಮೇಲೆ ಹಾರಗಳು ಇನ್ನೂ ಬಿದ್ದಿದ್ದವು. ಅವನ್ನು ಒಳಗೆ ಒಯ್ಯುವಂತಿಲ್ಲ, ದೇವರಿಗೆ ಹಾಕುವಂತಿಲ್ಲ, ತಂದವರಿಗೆ ವಾಪಸು ಕೊಡುವಂತೆಯೂ ಇಲ್ಲ. ಅವುಗಳ ಪಕ್ಕದಲ್ಲೇ ಹಿರಿಯರು ನಾಲ್ಕೈದು ಮಂದಿ ಕೂತಿದ್ದರು. ನಾನು ನಿಂತುಕೊಂಡು, ಸೆರಗು ಹೊದ್ದು, ಆಟದ ವಿಷಯ ಹೇಳಿದೆ. ಹೀಗೆ ಒಂದು ಹಡಗು ಇದೆ, ನಿಜವಾದ ಹಡಗಲ್ಲ, ನಾವೆಲ್ಲ ಕಳ್ಳರು, ನಿಜವಾದ ಕಳ್ಳರಲ್ಲ. ನನ್ನ ಮಾತು ನನಗೇ ಹುಚ್ಚಿಯ ಮಾತಿನಂತೆ ಕೇಳುತ್ತಿತ್ತು. ಒಬ್ಬರು ಸಾವಧಾನವಾಗಿ ಕೇಳಿ, ಈಗ ಹೊಳೆಯಲ್ಲಿ ಮೊಣಕಾಲುದ್ದವೂ ನೀರಿಲ್ಲವಲ್ಲ, ಹಡಗು ಎಲ್ಲಿ ಓಡಿಸುತ್ತೀರಿ ಎಂದರು. ಅವರು ಚೇಷ್ಟೆಗೆ ಕೇಳಿದ್ದಲ್ಲ. ಯಾರಾದರೂ ಬೈದಿದ್ದರೆ ನೆಲ ನೋಡುತ್ತ ನಿಂತುಬಿಡುತ್ತಿದ್ದೆ. ತಿಳಿದುಕೊಳ್ಳಲು ಪ್ರಯತ್ನಿಸುವವರ ಮುಂದೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ತಾಯಿ ಒಳಗೆ ಕರೆಸಿಕೊಂಡರು. ಅತ್ತು ಕಣ್ಣು ಊದಿತ್ತು. ಸಕ್ಕರೆ ಡಬ್ಬಿ ತರಿಸಿ, ನನ್ನ ಗಲ್ಲ ಹಿಡಿದು, ಬಾಯಿಗೆ ಒಂದು ಚಿಟಿಕೆ ಹಾಕಿದರು.

‘ಸತ್ತಾನಂತ ಸುಳ್ಳು ಸುದ್ದಿ ಹಬ್ಬಿದ್ರ ಆಯುಷ್ಯ ಹೆಚ್ಚತೈತೆವ್ವಾ,’ ಅಂದರು. ‘ಅಳಬ್ಯಾಡ. ನಿನ್ನಿಂದ ನನ್ನ ಮಗನ ಆಯುಷ್ಯ ಹೆಚ್ಚಾತು.’

ಆ ಸಕ್ಕರೆ ನನ್ನ ನಾಲಿಗೆಯ ಮೇಲೆ ಇನ್ನೂ ಕರಗುತ್ತಿತ್ತು. ಆಗ ಹೆಂಡತಿ ಬಾಗಿಲ ಬಳಿ ಬಂದು ನಿಂತಳು. ನನಗಿಂತ ಸಣ್ಣವಳು. ಕುಂಕುಮ ಆಗಷ್ಟೇ ಹೊಸದಾಗಿ ಇಟ್ಟುಕೊಂಡದ್ದು ಕಾಣುತ್ತಿತ್ತು. ಅಂದರೆ ನಡುವೆ ಯಾರೋ ಅದನ್ನು ಒರೆಸಿದ್ದರು, ಅಥವಾ ಅವಳೇ ಒರೆಸಿಕೊಂಡಿದ್ದಳು.

‘ಒಂದ ಕೇಳ್ತೀನ್ರಿ,’ ಅಂದಳು. ‘ಅವರ ಫೋಟೋಕ್ಕ ದೀಪ ಇಡಬೇಕಾದ್ರ ನಿಮ್ಮ ಕೈ ನಡುಗಲಿಲ್ಲೇನ್ರಿ?’

‘ಇಲ್ರಿ,’ ಅಂದೆ. ‘ದಿನಾ ಇಡ್ತೀನ್ರಿ. ಅದಕ್ಕ ನಡುಗಲಿಲ್ಲ.’

ಅದು ನಿಜ. ನಡುಗಿತು ಎಂದು ಸುಳ್ಳು ಹೇಳಿದ್ದರೆ ಅವಳಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತೋ ಏನೋ. ಅವಳು ತಲೆಯಾಡಿಸಿ ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಊರಿಗೆ ಬಂದು ಗುಂಪನ್ನು ಮುಚ್ಚಬೇಕೆಂದಿದ್ದೆ. ಮುಚ್ಚಲಿಲ್ಲ, ಬರೆಯಲೂ ಇಲ್ಲ. ಬೇರೆಯವರೂ ಬರೆಯಲಿಲ್ಲ. ಹಡಗು ಬಿರುಗಾಳಿಯ ನಡುವೆಯೇ ನಿಂತಿತ್ತು. ಅಂಗಡಿಗೆ ಯಾರಾದರೂ ಶ್ರದ್ಧಾಂಜಲಿ ಕಾರ್ಡು ಮಾಡಿಸಲು ಬಂದರೆ, ಹೋದದ್ದು ಖಾತ್ರಿಯೇ ಎಂದು ಮತ್ತೆ ಮತ್ತೆ ಕೇಳಿ ಬೈಸಿಕೊಂಡೆ. ಗಂಡ ಮಾತ್ರ ಈಗ ಫೋನ್ ಸದ್ದಾದರೆ ಯಾರದು ಎಂದು ಕೇಳುವುದನ್ನು ಬಿಟ್ಟಿದ್ದ.

ಮಳೆಗಾಲ ಹಿಡಿದ ಮೇಲೆ ಒಂದು ದಿನ ಚುಕ್ಕಾಣಿಯವರೇ ಫೋನ್ ಮಾಡಿದರು. ಅವರ ದನಿ ನಾನು ಕೇಳಿದ್ದು ಅದೇ ಮೊದಲು. ಸಣ್ಣ ದನಿ, ನಡುವೆ ನಡುವೆ ಉಸಿರು ತೆಗೆದುಕೊಳ್ಳುತ್ತಿದ್ದರು. ನಾನು ಕ್ಷಮೆ ಕೇಳಲು ಶುರು ಮಾಡಿದೆ, ಅವರು ಅದನ್ನು ಬದಿಗೆ ಸರಿಸಿದರು. ಡಾಕ್ಟರು ಏನೆಂದರು ಎಂದು ಕೇಳಿದೆ. ಮೆಟ್ಟಿಲು, ಊಟ, ಕೆಲಸ, ಎಲ್ಲವೂ ನಿಧಾನ ಎಂದಿದ್ದಾರೆ, ಇನ್ನೊಂದು ಸಲ ಬಂದರೆ ಹೇಳಲಾಗದು ಎಂದೂ ಹೇಳಿದ್ದಾರೆ ಎಂದರು. ಆಮೇಲೆ ಕಾರ್ಡು ಇದೆಯೋ ಅಳಿಸಿದಿರೋ ಎಂದು ವಿಚಾರಿಸಿದರು. ಅವತ್ತೇ ಅಳಿಸಿದೆ ಎಂದು ಸುಳ್ಳು ಹೇಳಿದೆ.

‘ಅಳಿಸಬಾರದಾಗಿತ್ರಿ,’ ಅಂದರು. ‘ಫೋಟೋ ಚಲೋ ಬಂದಿತ್ತು. ಮುಂದ ಬೇಕಾದಾಗ ನೀವ ಮಾಡಿಕೊಡ್ರಿ. ನೀರುಪಾಲು ಅಂತ ಒಂದು ಬ್ಯಾಡ.’

ಹೇಳಿ ನಕ್ಕರು. ಅಂದು ಸಂಜೆ ಗುಂಪಿನಲ್ಲಿ ಅವರ ಎರಡು ಸಾಲು ಬಂತು: ಹಲಗೆಯೊಂದನ್ನು ಹಿಡಿದು ತೇಲುತ್ತಿದ್ದೆ, ಹಗ್ಗ ಎಸೆಯಿರಿ. ಚುಕ್ಕಾಣಿಯನ್ನು ತೆಂಕಣಕ್ಕೆ ತಿರುಗಿಸಬೇಕಿದೆ.

ಅಡುಗೆಯವ ಹಗ್ಗ ಎಸೆದ. ವೈದ್ಯೆ ಕಷಾಯ ಕೊಟ್ಟಳು. ಹಡಗು ಹೊರಟಿತು.

ಅವತ್ತಿನಿಂದ ನಾನು ಯಾರನ್ನೂ ಅವಸರಪಡಿಸುವುದಿಲ್ಲ. ನಿಧಿ ಇರುವ ದ್ವೀಪ ಕಣ್ಣಳತೆಯಲ್ಲಿದೆ ಎಂದು ಎಂದೋ ಬರೆದಿದ್ದೆ. ಅದನ್ನು ಮುಟ್ಟಿದರೆ ಕಥೆ ಮುಗಿಯುತ್ತದೆ. ಹಾಗಾಗಿ ಒಮ್ಮೆ ಮಂಜು ಕವಿಸುತ್ತೇನೆ, ಒಮ್ಮೆ ಎದುರುಗಾಳಿ ಎಬ್ಬಿಸುತ್ತೇನೆ, ಇನ್ನೊಮ್ಮೆ ಹಾಯಿ ಹರಿದುಹಾಕುತ್ತೇನೆ. ದ್ವೀಪ ಯಾವಾಗ ಬರುತ್ತದೆ ಎಂದು ಕೊಟ್ಟೂರಿನ ವೈದ್ಯೆ ರೇಗುತ್ತಾಳೆ. ಹಡಗು ನಡೆಸಲು ನನಗೆ ಬರುವುದಿಲ್ಲ ಎಂದು ಅರಸೀಕೆರೆಯಿಂದ ದೂರು. ಅನ್ನಲಿ.

ಕಾರ್ಡನ್ನು ನಾನು ಅಳಿಸಿಲ್ಲ. ಅಳಿಸಲು ಹೋದಾಗಲೆಲ್ಲ ಚುಕ್ಕಾಣಿಯವರ ಮಾತು ನೆನಪಾಗುತ್ತದೆ, ಇಟ್ಟುಕೊಂಡರೆ ಅವರ ಹೆಂಡತಿಯ ಮಾತು ನೆನಪಾಗುತ್ತದೆ. ಅವರು ಈಗ ಬರೆಯುವುದು ವಾರಕ್ಕೊಮ್ಮೆ, ಸೋಮವಾರ ಬೆಳಿಗ್ಗೆ. ಆ ದಿನ ಅಂಗಡಿ ಬಾಗಿಲು ತೆಗೆದು, ಕಸ ಹೊಡೆದು, ಫೋನ್ ಹಿಡಿದು ಕೂರುತ್ತೇನೆ. ಅವರ ಎರಡು ಸಾಲು ಬರುವವರೆಗೆ ಕಂಪ್ಯೂಟರ್ ಚಾಲೂ ಮಾಡುವುದಿಲ್ಲ.